‘ಕ್ಯಾಂಪಸ್ಸಿ’ಗೆ ‘ಆವರಣ’ವೇ? — ಒಂದು ಪ್ರತಿವಾದ

ಕಳೆದ ತಿಂಗಳ ಸಂಚಿಕೆಯಲ್ಲಿ ಹಿರಿಯ ಮಿತ್ರರೊಬ್ಬರು ಬರೆದ ಲೇಖನವನ್ನು ನಾನು ಎರಡು ಬಾರಿ ಓದಿದೆನು. ಮೊದಲ ಬಾರಿ ಸಂತೋಷದಿಂದ, ಎರಡನೆಯ ಬಾರಿ ಕಳವಳದಿಂದ. ‘ಕ್ಯಾಂಪಸ್’ ಎಂಬ ಇಂಗ್ಲಿಷ್ ಮಾತನ್ನು ಕನ್ನಡದ ಬರವಣಿಗೆಯಿಂದ ಹೊರಡಿಸಿ, ತೆರವಾದ ಪೀಠದಲ್ಲಿ ‘ಆವರಣ’ವೆಂಬ ಶಬ್ದಕ್ಕೆ ಪಟ್ಟಾಭಿಷೇಕ ಮಾಡಬೇಕೆಂಬುದು ಅವರ ಪ್ರತಿಪಾದನೆ. ಅವರ ಕನ್ನಡಾಭಿಮಾನಕ್ಕೆ ನನ್ನ ನಮಸ್ಕಾರವಿದೆ. ಆದರೆ ಅಭಿಮಾನವೊಂದೇ ಶಬ್ದಕ್ಕೆ ಅರ್ಥವನ್ನು ತಂದುಕೊಡಲಾರದು. ‘ಆವರಣ’ವನ್ನು ‘ಕ್ಯಾಂಪಸ್ಸಿ’ನ ಅನುವಾದವೆನ್ನುವುದಕ್ಕಿಂತ ವಿರುದ್ಧಪದವೆನ್ನುವುದೇ ಸತ್ಯಕ್ಕೆ ಹತ್ತಿರ. ಇದನ್ನು ಹೇಳದೆ ಸುಮ್ಮನಿದ್ದರೆ ನಾಳೆ ನಮ್ಮ ಮಕ್ಕಳು ಈ ತಪ್ಪನ್ನೇ ಸರಿಯೆಂದು ಕಲಿಯುವರಾದ ಕಾರಣ, ಸ್ನೇಹಕ್ಕೆ ಕುಂದು ಬಾರದಂತೆ, ಆದರೆ ಅರ್ಥದ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಒಳಗಾಗದೆ, ನಾಲ್ಕು ಮಾತು ಬರೆಯುತ್ತೇನೆ.

ಮೊದಲು ಒಂದು ಸಣ್ಣ ಪ್ರಸಂಗ. ಕೆಲವು ತಿಂಗಳ ಹಿಂದೆ ಭದ್ರಾವತಿಯಿಂದ ಶಂಕರಘಟ್ಟಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆನು. ನನ್ನ ಮುಂದಿನ ಆಸನದಲ್ಲಿ ಎಲೆಯಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ವೃದ್ಧೆಯೊಬ್ಬರು ಕುಳಿತಿದ್ದರು. ಮೊಮ್ಮಗಳು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಳೆ, ಅವಳಿಗೆ ಉಪ್ಪಿನಕಾಯಿ ಒಯ್ಯುತ್ತಿದ್ದೇನೆ ಎಂದು ಪಕ್ಕದವರೊಡನೆ ಹೇಳಿಕೊಂಡಿದ್ದರು. ಕಂಡಕ್ಟರು ಬಂದಾಗ, ‘ಕ್ಯಾಂಪಿಗೆ ಒಂದು ಟಿಕೇಟು ಕೊಡಪ್ಪಾ’ ಎಂದರು. ‘ಕ್ಯಾಂಪಲ್ಲ ಅಜ್ಜೀ, ಕ್ಯಾಂಪಸ್ಸು!’ ಎಂದು ಆತ ತಿದ್ದಿದನು. ಬಸ್ಸಿನ ತುಂಬ ಇದ್ದ ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಅಜ್ಜಿ ಮಾತ್ರ ಸ್ವಲ್ಪವೂ ಅಳುಕದೆ, ‘ಅದೇ ಕಣಪ್ಪಾ, ಕ್ಯಾಂಪು. ಡ್ಯಾಮು ಕಟ್ಟಿದಾಗಿನಿಂದ ನಾವು ಹಂಗೇ ಅನ್ನೋದು’ ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ನಕ್ಕವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ, ಭಾಷಾಶಾಸ್ತ್ರದ ನ್ಯಾಯಾಲಯದಲ್ಲಿ ಈ ವ್ಯಾಜ್ಯ ನಡೆದರೆ ಗೆಲ್ಲುವವರು ಆ ಅಜ್ಜಿಯೇ ಎಂದು. ‘ಕ್ಯಾಂಪು’, ‘ಕ್ಯಾಂಪಸ್ಸು’ ಎರಡೂ ಒಂದೇ ಬೇರಿನ ಎರಡು ಚಿಗುರುಗಳು. ಲ್ಯಾಟಿನ್ ಭಾಷೆಯಲ್ಲಿ ‘ಕಂಪುಸ್’ ಎಂದರೆ ಬಯಲು. ಮರಗಿಡಗಳಿಲ್ಲದ, ಗೋಡೆಬೇಲಿಗಳಿಲ್ಲದ, ಸಮತಟ್ಟಾದ ಬಯಲು. ಪ್ರಾಚೀನ ರೋಮ್ ನಗರದ ಪವಿತ್ರ ಗಡಿಯ ಆಚೆ, ಟೈಬರ್ ನದಿಯ ತಿರುವಿನಲ್ಲಿ, ಯುದ್ಧದೇವತೆಯಾದ ಮಾರ್ಸನ ಹೆಸರಿನ ಒಂದು ಬಯಲಿತ್ತು. ಅದೇ ‘ಕಂಪುಸ್ ಮಾರ್ಟಿಯುಸ್’. ಶಸ್ತ್ರ ಹಿಡಿದ ಸೇನೆ ನಗರದ ಆ ಗಡಿಯೊಳಗೆ ಕೂಡುವಂತಿರಲಿಲ್ಲವಾದ್ದರಿಂದ ಸೈನಿಕರ ಕವಾಯತು ನಡೆಯುತ್ತಿದ್ದುದು ಆ ಬಯಲಿನಲ್ಲಿ. ಜನಗಣತಿ ನಡೆಯುತ್ತಿದ್ದುದೂ, ಪೌರರು ದಳದಳವಾಗಿ ಸೇರಿ ತಮ್ಮ ಅಧಿಕಾರಿಗಳನ್ನು ಆರಿಸುತ್ತಿದ್ದುದೂ ಅಲ್ಲಿಯೇ. ಮಿತ್ರರು ಈ ಅಂಶವನ್ನು ದಯವಿಟ್ಟು ಗಮನಿಸಬೇಕು. ಅವರು ‘ಗೋಡೆಯ ಒಳಗಿನದು’ ಎಂದು ತಿಳಿದಿರುವ ಶಬ್ದವು ಹುಟ್ಟಿದ್ದು ಎಲ್ಲೆಯ ಹೊರಗಣ ಬಯಲಿನಲ್ಲಿ.

ಈ ಒಂದು ಬಯಲಿನಲ್ಲಿ ಎಷ್ಟು ಬೆಳೆ ಬಂದಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬಯಲಿನಲ್ಲಿ ದಂಡು ಇಳಿಯುತ್ತಿದ್ದುದರಿಂದ ಇಟಲಿಯ ‘ಕಾಂಪೊ’, ಫ್ರೆಂಚರ ಬಾಯಿಯ ಮೂಲಕ ಹಾದು, 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ‘ಕ್ಯಾಂಪ್’ ಆಗಿ ಬಂದಿತು. ದಂಡು ಬೇಸಗೆಯಲ್ಲಿ ಬಯಲಿಗಿಳಿದು ಹೋರಾಡುವ ಅವಧಿ ‘ಕ್ಯಾಂಪೇನ್’ ಎನಿಸಿಕೊಂಡಿತು. ಇಂದು ಚುನಾವಣೆಯ ಅಭ್ಯರ್ಥಿಗಳೂ ಸಾಬೂನು ಮಾರುವವರೂ ಅದನ್ನೇ ನಡೆಸುತ್ತಾರೆ. ಬಯಲಿಗೆ ಬಂದು ಕಾದುವ ಜಟ್ಟಿ ‘ಚಾಂಪಿಯನ್’ ಆದನು. ಫ್ರಾನ್ಸಿನ ಬಯಲುನಾಡೊಂದರ ಹೆಸರು ಅಲ್ಲಿಯ ಮದ್ಯಕ್ಕೆ ಅಂಟಿ ‘ಷಾಂಪೇನ್’ ಎನಿಸಿತು. ಜರ್ಮನರಿಗೆ ಹೋರಾಟವೆಂಬ ಅರ್ಥದ ‘ಕಾಂಫ್’ ದೊರೆತದ್ದೂ ಈ ಬೇರಿನಿಂದಲೇ. ಪಂಡಿತರ ಮನೆಯಲ್ಲಿಯೂ ಪಡಖಾನೆಯಲ್ಲಿಯೂ ಒಂದೇ ವಂಶದವರು ಕುಳಿತಿದ್ದಾರೆ!

ವಿದ್ಯೆಗೂ ಈ ಶಬ್ದಕ್ಕೂ ನಂಟು ಬೆಳೆದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಆಕ್ಸ್‌ಫರ್ಡು, ಕೇಂಬ್ರಿಜ್ಜುಗಳ ಹಳೆಯ ಕಾಲೇಜುಗಳು ನಾಲ್ಕು ಸುತ್ತಲೂ ಕಟ್ಟಡ, ನಡುವೆ ಚೌಕದ ಅಂಗಳ, ಮುಂದೆ ಭಾರಿಯ ಬಾಗಿಲು, ಬಾಗಿಲಲ್ಲಿ ಕಾವಲುಗಾರ, ಹೀಗೆ ನಮ್ಮ ತೊಟ್ಟಿಮನೆಯ ಮಾದರಿಯವು. ಅವಕ್ಕೆ ‘ಕ್ಯಾಂಪಸ್’ ಎಂಬ ಹೆಸರು ಹುಟ್ಟಲಿಲ್ಲ, ಹುಟ್ಟುವಂತೆಯೂ ಇರಲಿಲ್ಲ. ಅದು ಹುಟ್ಟಿದ್ದು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ. ಆಗ ‘ಕಾಲೇಜ್ ಆಫ್ ನ್ಯೂಜೆರ್ಸಿ’ ಎಂದು ಕರೆಯಿಸಿಕೊಳ್ಳುತ್ತಿದ್ದ ಆ ಸಂಸ್ಥೆಯ ನಾಸಾ ಹಾಲ್ ಎಂಬ ಕಟ್ಟಡದ ಮುಂದೆ ಬರಿಯ ನೆಲವಿತ್ತು. 1774ರಲ್ಲಿ ಅಲ್ಲಿಯ ವಿದ್ಯಾರ್ಥಿಯೊಬ್ಬನು ಬರೆದ ಕಾಗದದಲ್ಲಿ ಕಾಲೇಜಿನ ನೆಲಕ್ಕೆ ‘ಕ್ಯಾಂಪಸ್’ ಎಂಬ ಮಾತು ಮೊದಲ ಬಾರಿಗೆ ಕಾಣುತ್ತದೆ. ಸಂದರ್ಭವೂ ಸಾಮಾನ್ಯವಾದುದಲ್ಲ. ಬಾಸ್ಟನ್ ಬಂದರಿನಲ್ಲಿ ಜನರು ಇಂಗ್ಲಿಷರ ಚಹಾವನ್ನು ಕಡಲಿಗೆಸೆದ ವರ್ತಮಾನವನ್ನು ಕೇಳಿ, ಈ ಹುಡುಗರು ಕಾಲೇಜಿನ ಉಗ್ರಾಣದಲ್ಲಿದ್ದ ಚಳಿಗಾಲದ ಚಹಾವನ್ನೆಲ್ಲ ಹೊರಕ್ಕೆ ತಂದು ‘ಕ್ಯಾಂಪಸ್ಸಿ’ನಲ್ಲಿ ಬೆಂಕಿ ಹಾಕಿ ಸುಟ್ಟರು, ಗಂಟೆ ಬಾರಿಸಿದರು. ಆ ಬೆಂಕಿಯನ್ನು ಊರೆಲ್ಲ ನೋಡಬಹುದಾಗಿತ್ತು. ನೋಡಲೆಂದೇ ಬಯಲಿನಲ್ಲಿ ಹಚ್ಚಿದ್ದು. ಹಾರ್ವರ್ಡಿನವರು ಇಂದಿಗೂ ತಮ್ಮ ಹಳೆಯ ನೆಲವನ್ನು ‘ಯಾರ್ಡ್’ ಎನ್ನುತ್ತಾರೆ, ಅಂದರೆ ಹಿತ್ತಲು. ಉಳಿದವರು ಪ್ರಿನ್ಸ್‌ಟನ್ನಿನ ಮಾತನ್ನು ಹಿಡಿದರು. ಕಾಲಕ್ರಮದಲ್ಲಿ ನೆಲವೂ ಕಟ್ಟಡಗಳೂ ಕೂಡಿಯೇ ‘ಕ್ಯಾಂಪಸ್’ ಆಯಿತು.

ಇನ್ನು ‘ಆವರಣ’ಕ್ಕೆ ಬರೋಣ. ‘ವೃ’ ಎಂಬ ಧಾತುವಿಗೆ ಮುಚ್ಚು, ಸುತ್ತುವರಿ ಎಂಬ ಅರ್ಥ. ‘ಆ’ ಉಪಸರ್ಗ ಸೇರಿ ‘ಆವರಣ’ವೆಂದರೆ ಮುಚ್ಚುಗೆ, ಪರದೆ, ಮರೆ. ಅದ್ವೈತಿಗಳ ಪ್ರಕ್ರಿಯೆಯಲ್ಲಿ ಮಾಯೆಗೆ ಎರಡು ಶಕ್ತಿಗಳು: ಇದ್ದುದನ್ನು ಕಾಣದಂತೆ ಮಾಡುವುದು ಆವರಣಶಕ್ತಿ, ಇಲ್ಲದುದನ್ನು ಇದ್ದಂತೆ ತೋರಿಸುವುದು ವಿಕ್ಷೇಪಶಕ್ತಿ. ಎಸ್. ಎಲ್. ಭೈರಪ್ಪನವರು 2007ರಲ್ಲಿ ತಮ್ಮ ಕಾದಂಬರಿಗೆ ಇದೇ ಹೆಸರನ್ನಿಟ್ಟಾಗಲೂ ಮರೆಮಾಡುವುದು ಎಂಬ ಈ ಮೂಲಾರ್ಥವನ್ನೇ ಹಿಡಿದರು. ಆ ಕಾದಂಬರಿಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಒಂದು ಆವರಣ ಗೊತ್ತು. ವಾಕ್ಯದ ನಡುವೆ ಎರಡು ಬಾಗಿದ ಗೆರೆಗಳೊಳಗೆ ಒಂದು ಮಾತನ್ನು ಸೇರಿಸಿದರೆ ಅದು ಆವರಣಚಿಹ್ನೆ. ಆ ಗೆರೆಗಳೊಳಗಿನದನ್ನು ಬಿಟ್ಟು ಓದಿದರೂ ವಾಕ್ಯಕ್ಕೆ ಭಂಗವಿಲ್ಲ! ‘ವಿಶ್ವವಿದ್ಯಾನಿಲಯದ ಆವರಣ’ವೆಂದು ಹಲಗೆ ಬರೆಯಿಸುವವರು, ಜಿಲ್ಲೆಯೆಂಬ ವಾಕ್ಯದಿಂದ ಬಿಟ್ಟು ಓದಬಹುದಾದ ಭಾಗವಿದು ಎಂದು ಸಾರುತ್ತಿದ್ದಾರೆಯೇ?

‘ದೇವಸ್ಥಾನದ ಆವರಣ ಎಂಬ ರೂಢಿಯಿದೆಯಲ್ಲ’ ಎಂದು ಮಿತ್ರರು ಬರೆದಿದ್ದಾರೆ. ಇದೆ, ಸರಿಯಾಗಿಯೇ ಇದೆ. ದೇವಾಲಯಕ್ಕೆ ಪ್ರಾಕಾರವುಂಟು, ಅದರೊಳಗೆ ಮಡಿಮೈಲಿಗೆಯ ಎಲ್ಲೆಗಳುಂಟು. ಗರ್ಭಗುಡಿ ಮುಚ್ಚಿದಷ್ಟೂ ಮಹಿಮೆ. ವಿದ್ಯೆಗೆ ಆ ನ್ಯಾಯ ಸಲ್ಲದು. ‘ವಾತಾವರಣ’ವೆಂಬ ಒಳ್ಳೆಯ ಶಬ್ದವನ್ನೂ ಅವರು ಸಾಕ್ಷಿಗೆ ಕರೆದಿದ್ದಾರೆ. ಭೂಮಿಯನ್ನು ಹೊದಿಸಿಕೊಂಡಿರುವ ಗಾಳಿಯ ಮುಚ್ಚುಗೆ ಎಂದು ಅದರ ಅರ್ಥವಾದುದರಿಂದ ಆ ಸಾಕ್ಷಿ ನನ್ನ ಪಕ್ಷಕ್ಕೇ ನುಡಿಯುತ್ತದೆ.

ಈ ಗೊಂದಲದ ಮೂಲವೆಲ್ಲಿದೆಯೆಂದು ನನಗೊಂದು ಊಹೆಯುಂಟು. ಅದು ‘ಕಾಂಪೌಂಡು’ ಎಂಬ ಇನ್ನೊಂದು ಶಬ್ದ. ಇಂಡಿಯಾದಲ್ಲಿದ್ದ ಇಂಗ್ಲಿಷರು ತಮ್ಮ ಬಂಗಲೆಯ ಸುತ್ತಣ ನೆಲಕ್ಕೆ ‘ಕಾಂಪೌಂಡ್’ ಎನ್ನುತ್ತಿದ್ದರು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ವಿನೋದದ ಹೆಸರಿನ, ಆದರೆ ಘನವಾದ ಕೋಶದಲ್ಲಿ ಈ ಮಾತಿನ ಮೂಲವನ್ನು ಬಹುವಾಗಿ ಚರ್ಚಿಸಿದ್ದಾರೆ. ಪೋರ್ತುಗೀಸರ ‘ಕಾಂಪೊ’ದಿಂದ ಬಂದಿತೇ ಎಂಬ ಪಕ್ಷವನ್ನೂ ತೂಗಿನೋಡಿ, ಕೊನೆಗೆ ಮಲಯ ಭಾಷೆಯ ‘ಕಂಪೊಂಗ್’, ಅಂದರೆ ಕೇರಿ ಅಥವಾ ಹಳ್ಳಿ, ಎಂಬುದರ ಕಡೆಗೆ ವಾಲಿದ್ದಾರೆ. ಔಷಧ ಬೆರಸಿಕೊಡುತ್ತಿದ್ದ ನಮ್ಮ ಹಳೆಯ ಆಸ್ಪತ್ರೆಯ ‘ಕಾಂಪೌಂಡರ’ನಿಗೂ ಇದಕ್ಕೂ ಯಾವ ನಂಟೂ ಇಲ್ಲ; ಅವನದು ಕೂಡಿಸು ಎಂಬರ್ಥದ ಬೇರೊಂದು ಲ್ಯಾಟಿನ್ ಮೂಲ. ಇರಲಿ. ಇಂಗ್ಲಿಷರಿಗೆ ನೆಲವಾಗಿದ್ದ ‘ಕಾಂಪೌಂಡು’ ಕನ್ನಡಿಗರ ಬಾಯಲ್ಲಿ ಏನಾಯಿತು? ಗೋಡೆಯಾಯಿತು! ‘ಕಾಂಪೌಂಡು ಹಾರಿದ’, ‘ಕಾಂಪೌಂಡು ಕಟ್ಟಿಸಿದ’, ‘ಕಾಂಪೌಂಡಿಗೆ ಸುಣ್ಣ ಹೊಡೆಸಿದ’ ಎನ್ನುತ್ತೇವೆ. ದೊರೆಯ ಮನೆಯ ಒಳಗಿನ ನೆಲವನ್ನು ತುಳಿಯಲು ಹೊರಗಿನವನಿಗೆ ಅವಕಾಶವಿರಲಿಲ್ಲ. ಅವನ ಕಣ್ಣಿಗೆ ಬಿದ್ದುದು ಗೋಡೆಯೊಂದೇ. ಆದ್ದರಿಂದ ಆ ಹೆಸರನ್ನು ಗೋಡೆಗೇ ಕೊಟ್ಟನೆಂದು ನಾನು ಭಾವಿಸುತ್ತೇನೆ. ಶಬ್ದಗಳ ಅರ್ಥಪಲ್ಲಟದಲ್ಲಿ ಇಂಥ ನೋವುಗಳೂ ಅಡಗಿರುತ್ತವೆ. ಇಂದು ‘ಕ್ಯಾಂಪಸ್ಸ’ನ್ನು ‘ಆವರಣ’ವೆನ್ನುವವರು ಅದೇ ಹೊರಗಿನವನ ಕಣ್ಣಿನಿಂದ ನೋಡಿ, ಬಯಲನ್ನು ಬಿಟ್ಟು ಗೋಡೆಯನ್ನೇ ಅನುವಾದಿಸುತ್ತಿದ್ದಾರೆ.

ಇದು ಬರಿಯ ಶಬ್ದಜಾಲವೆಂದು ತಿಳಿಯುವವರಿಗಾಗಿ ನನ್ನ ಅನುಭವದ ಒಂದು ಸಂಗತಿ. ಹೆಸರು ಬೇಡ, ಒಂದು ವಿದ್ಯಾಸಂಸ್ಥೆಯಲ್ಲಿ ಭತ್ತದ ಹಳೆಯ ತಳಿಗಳನ್ನು ಕುರಿತು ಒಬ್ಬ ತಜ್ಞರ ಉಪನ್ಯಾಸವಿತ್ತು. ‘ಸಂಸ್ಥೆಯ ಆವರಣದಲ್ಲಿ, ಸರ್ವರಿಗೂ ಸ್ವಾಗತ’ ಎಂದು ಪ್ರಕಟಣೆಯಲ್ಲಿ ಅಚ್ಚಾಗಿತ್ತು. ನಮ್ಮ ಕೇರಿಯ ಒಬ್ಬ ರೈತರನ್ನು ಕರೆದೆನು. ಆ ತಳಿಗಳಲ್ಲಿ ಕೆಲವನ್ನು ಅವರು ತಮ್ಮ ಗದ್ದೆಯಲ್ಲಿ ಉಳಿಸಿಕೊಂಡಿದ್ದವರು. ಪ್ರಕಟಣೆಯನ್ನು ನಿಧಾನವಾಗಿ ಓದಿ, ‘ಆವರಣದೊಳಗೆ ಅಂತ ಬರೆದಾರಲ್ಲ ಮೇಷ್ಟ್ರೇ, ನಮ್ಮಂಥವರನ್ನ ಬಿಡ್ತಾರಾ?’ ಎಂದು ಕೇಳಿದರು. ‘ಸರ್ವರಿಗೂ ಸ್ವಾಗತ’ವೆಂಬ ಎರಡು ಮಾತನ್ನು ‘ಆವರಣ’ವೆಂಬ ಒಂದು ಮಾತು ನುಂಗಿಹಾಕಿತ್ತು. ಒತ್ತಾಯ ಮಾಡಿ ಕರೆದುಕೊಂಡು ಹೋದೆನು. ಬಾಗಿಲಲ್ಲಿ ನಮ್ಮಿಬ್ಬರ ಹೆಸರು, ವಿಳಾಸ, ಬಂದ ಉದ್ದೇಶಗಳನ್ನು ಪುಸ್ತಕದಲ್ಲಿ ಬರೆಯಿಸಿಕೊಂಡರು. ಉದ್ದೇಶವೆಂಬ ಅಂಕಣದಲ್ಲಿ ಆ ರೈತರು ಏನನ್ನೂ ಬರೆಯಲಾರದೆ ನನ್ನ ಮುಖವನ್ನು ನೋಡಿದುದು ನನಗೆ ಇನ್ನೂ ನೆನಪಿದೆ.

ಹಾಗಾದರೆ ಯಾವ ಶಬ್ದ? ಕೆಲವರು ‘ಪ್ರಾಂಗಣ’ವೆನ್ನುತ್ತಾರೆ. ‘ಆವರಣ’ಕ್ಕಿಂತ ವಾಸಿ, ಆದರೆ ಪ್ರಾಂಗಣವೆಂದರೆ ಮನೆಯ ಮುಂದಣ ಅಂಗಳ. ಶಂಕರಘಟ್ಟದಲ್ಲಿ 230 ಎಕರೆಗಳಷ್ಟು ಹರಡಿರುವ ಕಾಡು, ಏರು, ತಗ್ಗು, ಕಟ್ಟಡಗಳೆಲ್ಲವನ್ನೂ ಅಂಗಳವೆಂದರೆ ಅದನ್ನು ಗುಡಿಸುವ ಸೊಸೆಯ ಗತಿಯೇನು! ನನ್ನ ಸೂಚನೆ ಸರಳವಾದುದು: ಬಯಲು. ಮೂಲ ಶಬ್ದದ ಅರ್ಥಕ್ಕೆ ಅಚ್ಚೊತ್ತಿದಂತೆ ಹೊಂದುವ ಕನ್ನಡದ ಮಾತಿರುವಾಗ ಸಂಸ್ಕೃತದ ಬಾಗಿಲನ್ನು ತಟ್ಟುವುದೇಕೆ? ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ‘ವಯಲ್’ ಎಂದರೆ ಗದ್ದೆ, ತುಳುವಿನಲ್ಲಿ ‘ಬೈಲ್’, ನಮ್ಮಲ್ಲಿ ‘ಬಯಲು’, ಮಲೆನಾಡಿಗರ ಬಾಯಲ್ಲಿ ‘ಬೈಲು’. ಉತ್ತುಬಿತ್ತುವ ನೆಲ, ಆಡುವ ನೆಲ, ಆಟ ಕಟ್ಟುವ ನೆಲ, ಸಂತೆ ಸೇರುವ ನೆಲ, ಎಲ್ಲವೂ ಈ ಒಂದು ಮಾತಿನಲ್ಲಿ ಅಡಗಿವೆ.

ಮಲೆನಾಡಿನ ಓದುಗರು ಇಲ್ಲಿ ಹುಬ್ಬು ಗಂಟಿಕ್ಕುವುದು ನನಗೆ ಕಾಣುತ್ತಿದೆ. ‘ಬಯಲೆಂದರೆ ಬಯಲುಸೀಮೆ, ಸಹ್ಯಾದ್ರಿಯ ಸೆರಗಿನ ಭೂಮಿಗೆ ಆ ಹೆಸರೇ?’ ಎಂದು ಕೇಳುವರು. ನಾನು ಅವರನ್ನು ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿ ಹಿಡಿದು ಗಾಜನೂರಿನ ಅಣೆಕಟ್ಟಿನ ಹಿನ್ನೀರಿನ ದಡಕ್ಕೆ ಬರಬೇಕೆಂದು ಬೇಡಿಕೊಳ್ಳುತ್ತೇನೆ. ಅಲ್ಲಿ ಆನೆಗಳು ಬೆಳಗ್ಗೆ ತುಂಗೆಯಲ್ಲಿ ಮೀಯುತ್ತವೆ. ಆ ಜಾಗಕ್ಕೆ ಜನರೂ ಸರ್ಕಾರವೂ ಕೊಟ್ಟಿರುವ ಹೆಸರೇನು? ‘ಸಕ್ರೆಬೈಲು ಆನೆ ಬಿಡಾರ’. ಎಂಥ ಹೆಸರು! ಲ್ಯಾಟಿನ್ನಿನ ‘ಕಂಪುಸ್’ ಅಲ್ಲಿ ‘ಬೈಲು’ ಆಗಿದೆ, ಇಂಗ್ಲಿಷಿನ ‘ಕ್ಯಾಂಪು’ ಅಲ್ಲಿ ‘ಬಿಡಾರ’ವಾಗಿದೆ, ಎರಡೂ ಜೊತೆಜೊತೆಯಾಗಿ ಕುಳಿತಿವೆ. ಯಾವ ನಿಘಂಟು ಸಮಿತಿಯೂ ಸಭೆ ಸೇರಿ ಇದನ್ನು ರಚಿಸಲಿಲ್ಲ. ದಟ್ಟಡವಿಯ ನಡುವೆಯೂ ಬೈಲುಗಳಿರುತ್ತವೆ, ಅಡವಿಯಿದ್ದಲ್ಲಿಯೇ ಬೈಲಿಗೆ ಬೆಲೆ ಹೆಚ್ಚು ಎಂಬುದು ಮಲೆನಾಡಿಗನಿಗಿಂತ ಇನ್ನಾರಿಗೆ ಗೊತ್ತು?

‘ಬಯಲು’ ಎಂದರೆ ಕೀಳು ಎಂಬ ಭಾವನೆ ಬರುತ್ತದೆ, ಬಯಲಿಗೆ ಬೀಳುವುದು, ಬಯಲುಮಾಡುವುದು, ಇನ್ನೂ ಹೇಳಬಾರದ ‘ಬಯಲುಕಡೆ’ಗೆ ಹೋಗುವುದು, ಇವೆಲ್ಲ ಕಣ್ಣಮುಂದೆ ಬರುತ್ತವೆ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹೇಳುವವರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ಮರೆತಿದ್ದಾರೆ. ಅಲ್ಲಮಪ್ರಭುವಿನ ಊರು ಅದೆಂದು ಪರಂಪರೆ ಹೇಳುತ್ತದೆ. ಆ ಅಲ್ಲಮನೂ ಅವನ ಸಂಗಡಿಗರಾದ ಶರಣರೂ ತಮ್ಮ ಅನುಭಾವದ ತುತ್ತತುದಿಗೆ ಹೆಸರಿಡಬೇಕಾಗಿ ಬಂದಾಗ ಆರಿಸಿಕೊಂಡ ಮಾತು ‘ಬಯಲು’. ಬ್ರಹ್ಮಾನುಭವಕ್ಕೆ ಸಾಕಾದ ಶಬ್ದವು ಸ್ನಾತಕೋತ್ತರ ಪದವಿಗೆ ಸಾಲದೆ ಹೋಯಿತೇ?

ಬಳ್ಳಿಗಾವಿಯ ಹೆಸರು ಬಂದಿತಾದ್ದರಿಂದ ಇನ್ನೊಂದು ಮಾತು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವೊಂದಿದೆ. ಎಂಟುನೂರ ಅರುವತ್ತು ವರ್ಷಗಳಾಚೆಯ ಈ ಬರಹವನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಅಧ್ಯಾಪಕನೂ ಒಮ್ಮೆ ಓದತಕ್ಕದ್ದು. ನಾಲ್ಕು ವೇದಗಳು, ಪಾಣಿನಿಯದು ಮೊದಲಾದ ಹಲವು ವ್ಯಾಕರಣಗಳು, ಷಡ್ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಪುರಾಣಗಳು, ಕಾವ್ಯನಾಟಕಗಳು, ಇಷ್ಟನ್ನೂ ಅಲ್ಲಿ ಓದಿಸುತ್ತಿದ್ದರೆಂದು ಪಟ್ಟಿ ಕೊಟ್ಟು, ಶಾಸನವು ಅಲ್ಲಿಗೆ ನಿಲ್ಲುವುದಿಲ್ಲ. ದೀನರಿಗೆ, ಕುರುಡರಿಗೆ, ಕುಂಟರಿಗೆ, ದೇಶಾಂತರದಿಂದ ಬಂದವರಿಗೆ ಅಲ್ಲಿ ಅನ್ನವುಂಟು, ರೋಗಿಗಳಿಗೆ ಔಷಧವುಂಟು, ಸಕಲ ಪ್ರಾಣಿಗಳಿಗೂ ಅಭಯವುಂಟು ಎಂದು ಮುಂದುವರಿಯುತ್ತದೆ. ವಿದ್ಯಾಸ್ಥಾನವನ್ನು ಹೊಗಳಬೇಕಾದಾಗ ಆ ಶಾಸನಕವಿಗೆ, ಒಳಗೆ ಯಾರು ಬರಬಹುದೆಂಬುದೂ ಪಾಠಪಟ್ಟಿಯಷ್ಟೇ ಮುಖ್ಯವಾಗಿ ಕಂಡಿತು. ಬಾಗಿಲಿನ ಪುಸ್ತಕದ ಮಾತು ಅವನ ವರ್ಣನೆಯಲ್ಲಿಲ್ಲ.

ಹಳೆಯ ಮಾತುಗಳು ಹೊಸ ಕೆಲಸಕ್ಕೆ ಒಗ್ಗುವುದಿಲ್ಲವೆನ್ನುವವರು ‘ಘಟಿಕೋತ್ಸವ’ವನ್ನು ನೋಡಲಿ. ಘಟಿಕೆಯೆಂದರೆ ಪ್ರಾಚೀನ ಕಾಲದ ವಿದ್ಯಾಸ್ಥಾನ. ನಮ್ಮ ತಾಳಗುಂದದ ಸ್ತಂಭಶಾಸನ ಹೇಳುವಂತೆ ಕದಂಬರ ಮಯೂರಶರ್ಮನು ವಿದ್ಯೆಯನ್ನರಸಿ ಹೋದದ್ದು ಕಾಂಚಿಯ ಘಟಿಕೆಗೆ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಒಂದು ರಾಜ್ಯವನ್ನೇ ಕಟ್ಟಿದನು. ಆ ಘಟಿಕೆಯ ಹೆಸರು ಇಂದು ಪ್ರತಿ ವರ್ಷ ಪದವಿ ಪ್ರದಾನದ ಆಹ್ವಾನಪತ್ರಿಕೆಯ ಮೇಲೆ ಅಚ್ಚಾಗುತ್ತದೆ. ಯಾವ ವಿದ್ಯಾರ್ಥಿಯೂ ಅರ್ಥವಾಗಲಿಲ್ಲವೆಂದು ದೂರಿದ್ದನ್ನು ನಾನು ಕೇಳಿಲ್ಲ. ‘ಕ್ಯಾಂಪಿ’ನ ವಿಷಯದಲ್ಲಿಯೂ ಕನ್ನಡಿಗರು ಬಡವರಾಗಿರಲಿಲ್ಲ. ಬೀಡು, ನೆಲೆವೀಡು, ಪಾಳೆಯ, ದಂಡು, ಬಿಡಾರ, ಶಿಬಿರ ಎಲ್ಲವೂ ನಮ್ಮಲ್ಲಿದ್ದವು. ಹೊಯ್ಸಳರ ಹಾಳಾದ ರಾಜಧಾನಿಯನ್ನು ನಾವು ‘ಹಳೇಬೀಡು’ ಎಂದೇ ಕರೆಯುತ್ತೇವೆ. ಅಮಲ್ದಾರರು ಹಳ್ಳಿಗೆ ಬಂದಿಳಿದರೆ ಕಾಗದದ ತಲೆಯಲ್ಲಿ ‘ಮೊಕ್ಕಾಂ’ ಎಂದು ಅರಬ್ಬಿ ಮಾತನ್ನು ಬರೆಯುತ್ತಿದ್ದರು. ಈಗ ಕಣ್ಣಿನ ತಪಾಸಣೆಗೆ ಶಿಬಿರ, ಆನೆಗೆ ಬಿಡಾರ ಎಂದು ಜನರೇ ಹಂಚಿಕೊಟ್ಟಿದ್ದಾರೆ. ಈ ಹಂಚಿಕೆ ತಪ್ಪಿಲ್ಲ.

ನಾನು ಇಂಗ್ಲಿಷ್ ಮಾತುಗಳ ವೈರಿಯೆಂದು ಯಾರೂ ತಿಳಿಯಬಾರದು. ಪೋರ್ತುಗೀಸರ ಮೇಜಿನ ಮೇಲೆ ಕಾಗದವಿಟ್ಟುಕೊಂಡು, ಪಾರಸಿಯ ‘ರಸ್ತೆ’ಯಲ್ಲಿ ನಡೆದು, ಇಂಗ್ಲಿಷಿನ ಬಸ್ಸು ಹತ್ತಿ ಬರುವವನು ನಾನು, ಮೇಲೆ ‘ಕಂಡಕ್ಟರು’, ‘ಟಿಕೇಟು’ ಎಂದು ಸಂಕೋಚವಿಲ್ಲದೆ ಬರೆದಿದ್ದೇನೆ. ಅಜ್ಜಿಯ ‘ಕ್ಯಾಂಪು’ ಉಳಿಯಲಿ. ಅದು ಅರಗಿದ ಅನ್ನ. ಲಕ್ಕವಳ್ಳಿಯ ಬಳಿ ಭದ್ರೆಗೆ ಕಟ್ಟೆ ಕಟ್ಟಿದ ಕಾಲದಲ್ಲಿ ಕೆಲಸಗಾರರು ಬೀಡುಬಿಟ್ಟಿದ್ದ ನೆಲಕ್ಕೆ ಯೋಜನೆಯ ಇಂಗ್ಲಿಷ್ ಹೆಸರೇ ಊರ ಹೆಸರಾಗಿ, ‘ಬಿ. ಆರ್. ಪ್ರಾಜೆಕ್ಟ್’ ಎಂದೇ ಇಂದಿಗೂ ಬಸ್ಸಿನ ಹಣೆಯ ಮೇಲೆ ಬರೆದಿರುತ್ತದೆ. ಅದನ್ನು ಅಳಿಸಬೇಕೆಂದು ನಾನು ಹೇಳಲಾರೆ. ಆದರೆ ಅದೇ ಭದ್ರಾವತಿಯವರು, ಹಿಂದೆ ಬೆಂಕಿಪುರವಾಗಿದ್ದ ಊರಿನವರು, ‘ಪೇಪರ್ ಟೌನಿ’ಗೆ ‘ಕಾಗದನಗರ’ವೆಂಬ ಎಷ್ಟು ಸುಂದರವಾದ ಹೆಸರನ್ನಿಟ್ಟರು! ಗಿರಣಿಯಲ್ಲಿ ಕಾಗದ ಮಾಡುವುದು ನಿಂತುಹೋದ ಮೇಲೂ ಆ ಹೆಸರು ನಿಂತಿದೆ.

ನನ್ನ ಕಳವಳಕ್ಕೆ ಮುಖ್ಯ ಕಾರಣ ಬೇರೆ. ‘ಕ್ಯಾಂಪಸ್’ ಎಂಬ ಮಾತಿಗೆ ಈಗ ಯುವಕರಲ್ಲಿ ಮೂರನೆಯದೊಂದು ಅರ್ಥ ಬಂದಿದೆ. ‘ನಿನಗೆ ಕ್ಯಾಂಪಸ್ ಆಯಿತಾ?’ ಎಂದು ಒಬ್ಬನು ಕೇಳುತ್ತಾನೆ. ‘ನನಗಾಗಲಿಲ್ಲ, ಅವಳಿಗಾಯಿತು’ ಎಂದು ಇನ್ನೊಬ್ಬನು ಹೇಳುತ್ತಾನೆ. ವ್ಯಾಪಾರದ ಸಂಸ್ಥೆಯವರು ಕಾಲೇಜಿಗೇ ಬಂದು ನೌಕರರನ್ನು ಆರಿಸಿಕೊಂಡು ಹೋಗುವ ಕ್ರಮಕ್ಕೆ ಇಟ್ಟ ಉದ್ದನೆಯ ಹೆಸರಿನ ಬಾಲ ಕಳಚಿ ತಲೆಯೊಂದೇ ಉಳಿದಿದೆ. ಬಡಮನೆಯ ಹುಡುಗನಿಗೆ ಕೆಲಸ ಸಿಗುವುದನ್ನು ಹೀಯಾಳಿಸುವಷ್ಟು ಅವಿವೇಕ ನನಗಿಲ್ಲ. ಅನ್ನದ ಚಿಂತೆ ತೀರಿದವರೇ ಅಂಥ ಮಾತನ್ನಾಡುವುದು. ಆದರೆ ರೋಮಿನಲ್ಲಿ ಪೌರರು ತಮ್ಮ ಅಧಿಕಾರಿಗಳನ್ನು ಆರಿಸುತ್ತಿದ್ದ ಬಯಲು, ಪ್ರಿನ್ಸ್‌ಟನ್ನಿನಲ್ಲಿ ಹುಡುಗರು ಚಹಾ ಸುಟ್ಟ ಬಯಲು, ನಮ್ಮಲ್ಲಿ ಹುಡುಗರು ಸಾಲಾಗಿ ನಿಂತು ಆರಿಸಿಕೊಳ್ಳಲ್ಪಡುವ ಸಂತೆಯಾಯಿತಲ್ಲ ಎಂಬ ವ್ಯಸನವಿದೆ. ಆರಿಸುವವರು ಯಾರು, ಆರಿಸಲ್ಪಡುವವರು ಯಾರು ಎಂಬುದೇ ತಿರುಗುಮುರುಗಾಯಿತು. ‘ಆವರಣ’ವೆಂಬ ಶಬ್ದ ಇದಕ್ಕೆ ಪರಿಹಾರವಲ್ಲ, ಸಂತೆಗೆ ಗೋಡೆ ಕಟ್ಟಿದಂತಾಗುವುದಷ್ಟೇ.

ಇಷ್ಟಕ್ಕೂ ನಮ್ಮಲ್ಲಿ ಇದಕ್ಕೊಂದು ದಾರಿಯನ್ನು ತೋರಿಸಿದವರು ಈ ಜಿಲ್ಲೆಯವರೇ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕಾಲದಲ್ಲಿ, 1960ರಲ್ಲಿ, ಸ್ನಾತಕೋತ್ತರ ವಿಭಾಗಗಳ ಹೊಸ ನೆಲಕ್ಕೆ ಹೆಸರು ಬೇಕಾಯಿತು. ಅವರು ‘ಕ್ಯಾಂಪಸ್ಸಿ’ಗೆ ಅನುವಾದ ಹುಡುಕುತ್ತ ಕುಳಿತುಕೊಳ್ಳಲಿಲ್ಲ, ‘ಮಾನಸಗಂಗೋತ್ರಿ’ ಎಂದರು. ಒಂದು ನೆಲಕ್ಕೆ ಒಂದು ಹೆಸರು. ಸಾಮಾನ್ಯನಾಮದ ಗೊಡವೆಯೇ ಬೇಡವಾಯಿತು. ಆ ಒಂದು ಬೀಜದಿಂದ ಮಂಗಳೂರಿನ ಕಡೆ ಮಂಗಳಗಂಗೋತ್ರಿ, ಹಾಸನದಲ್ಲಿ ಹೇಮಗಂಗೋತ್ರಿ, ದಾವಣಗೆರೆಯಲ್ಲಿ ಶಿವಗಂಗೋತ್ರಿ, ಮೈಸೂರಿನಲ್ಲಿಯೇ ಮುಕ್ತಗಂಗೋತ್ರಿ ಹುಟ್ಟಿದವು. ಬೆಂಗಳೂರಿನವರು ಜ್ಞಾನಭಾರತಿಯೆಂದರು, ಕಲಬುರಗಿಯವರು ಜ್ಞಾನಗಂಗೆಯೆಂದರು, ಹಂಪಿಯವರು ವಿದ್ಯಾರಣ್ಯವೆಂದರು. ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದ ನಮ್ಮ ಶಂಕರಘಟ್ಟದ ನೆಲವು 1987ರಲ್ಲಿ ಆ ಕವಿಯ ಹೆಸರಿನ ವಿಶ್ವವಿದ್ಯಾನಿಲಯವಾದಾಗ ‘ಜ್ಞಾನಸಹ್ಯಾದ್ರಿ’ ಎನಿಸಿಕೊಂಡಿತು. ಇಷ್ಟು ಚೆಲುವಾದ ಹೆಸರಿರುವಾಗ ಅದರ ಕೊರಳಿಗೆ ‘ಕ್ಯಾಂಪಸ್’ ಎಂಬ ಗಂಟೆಯನ್ನಾಗಲಿ ‘ಆವರಣ’ವೆಂಬ ಕಲ್ಲನ್ನಾಗಲಿ ಕಟ್ಟಿ ‘ಜ್ಞಾನಸಹ್ಯಾದ್ರಿ ಆವರಣ’ ಎಂದು ಬರೆಯುವುದೇಕೆ? ಸಹ್ಯಾದ್ರಿಗೆ ಯಾರು ಬೇಲಿ ಹಾಕಿದರು? ‘ಅನಿಕೇತನ’ವೆಂದು, ಮನೆಯೇ ಇಲ್ಲದಿರುವುದೆಂದು, ತನ್ನ ಚೇತನವನ್ನು ಕರೆದ ಕವಿಯ ಹೆಸರನ್ನು ಹೊತ್ತ ಸಂಸ್ಥೆಯ ನೆಲವಿದು.

ಆದ್ದರಿಂದ ನನ್ನ ಪಕ್ಷ ಇಷ್ಟು. ಹೆಸರಿರುವ ಕಡೆ ಹೆಸರನ್ನೇ ಹೇಳೋಣ: ‘ಉಪನ್ಯಾಸವು ಜ್ಞಾನಸಹ್ಯಾದ್ರಿಯಲ್ಲಿ ನಡೆಯುವುದು’ ಎಂದರೆ ಸಾಕು, ವಾಕ್ಯಕ್ಕೆ ಏನೂ ಕೊರತೆಯಿಲ್ಲ. ಸಾಮಾನ್ಯನಾಮವು ಬೇಕೇ ಬೇಕಾದಲ್ಲಿ ‘ವಿದ್ಯಾಬಯಲು’ ಎನ್ನೋಣ, ಇಲ್ಲವೇ ಸುಮ್ಮನೆ ‘ಕಾಲೇಜಿನ ಬಯಲು’ ಎನ್ನೋಣ. ‘ವಿದ್ಯಾಬಯಲು’ ಅರಿಸಮಾಸವೆಂದು ವೈಯಾಕರಣರು ಗದರುವರು; ಕೇಶಿರಾಜನ ಕಾಲದಿಂದಲೂ ಗದರುತ್ತಿದ್ದಾರೆ, ಅರಿಸಮಾಸಗಳೂ ಸುಖವಾಗಿ ಬಾಳುತ್ತಿವೆ. ಎರಡೂ ಒಪ್ಪಿಗೆಯಾಗದವರು ‘ಕ್ಯಾಂಪಸ್’ ಎಂದೇ ಬರೆಯಲಿ. ಅದರಲ್ಲಿ ಕನಿಷ್ಠಪಕ್ಷ ಬಯಲಿನ ವಾಸನೆಯಾದರೂ ಇದೆ.

ಇದಕ್ಕೆ ಮಿತ್ರರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುವುದಾಗಿ ಈಗಾಗಲೇ ಹೇಳಿಕಳುಹಿಸಿದ್ದಾರೆ; ಬರೆಯಲಿ, ಕಾದಿರುತ್ತೇನೆ. ಬರೆಯುವಾಗ ಒಂದು ಪ್ರಶ್ನೆಗೆ ಮಾತ್ರ ತಪ್ಪಿಸಿಕೊಳ್ಳದೆ ಉತ್ತರ ಕೊಡಬೇಕು. ಅವರ ತೋಟಕ್ಕೆ ಹೋಗುವ ದಾರಿಯಲ್ಲಿ ಇಂದಿಗೂ ಉಣುಗೋಲಿದೆ. ನಾನೇ ಎಷ್ಟೋ ಸಲ ಅದರ ಗಳುಗಳನ್ನು ಸರಿಸಿ ಒಳಗೆ ಹೋಗಿ ಕಾಫಿ ಕುಡಿದು ಬಂದಿದ್ದೇನೆ. ದನ ನುಗ್ಗದಂತೆ, ಆದರೆ ಮನುಷ್ಯರು ಯಾರನ್ನೂ ಕೇಳದೆ ಸರಿಸಿಕೊಂಡು ಬರುವಂತೆ ಮಾಡಿದ ಏರ್ಪಾಡು ಅದು. ಆ ತೋಟವನ್ನು ಅವರು ಎಂದಾದರೂ ‘ನಮ್ಮ ಆವರಣ’ ಎಂದು ಕರೆದದ್ದುಂಟೇ?